ಇಳಿಜಾರಿನಲ್ಲಿ ಉಳಿಸಿದ ಪೆಟ್ರೋಲು

ಹುಳಿಯಾರಿನ ಕಾಲೇಜಿಗೆ ತಿಪಟೂರಿನಿಂದ ದಿನಾ ಓಡಾಡಲು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡ ಮೇಲೆ ನನಗೆ ಮೈಲೇಜಿನ ಹುಚ್ಚು ಹಿಡಿಯಿತು. ಪೆಟ್ರೋಲಿನ ರೇಟು ಏರುತ್ತಲೇ ಇತ್ತು, ನಿಜ. ಆದರೆ ಅದು ನೆಪ. ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳಲು ನನಗೊಂದು ವಿಷಯ ಬೇಕಿತ್ತು, ಅಷ್ಟೆ.

"ಬ್ರೇಕ್ ತುಳಿದಷ್ಟೂ ಪೆಟ್ರೋಲ್ ರೋಡಿಗೆ ಸುರಿದಂಗೆ ಸಾರ್" ಎಂದಿದ್ದ ಗ್ಯಾರೇಜಿನವನು. ವಾರವಾರ ಟೈರಿಗೆ ಗಾಳಿ ಹಿಡಿಸಿದೆ. ಡಿಕ್ಕಿಯಲ್ಲಿದ್ದದ್ದನ್ನೆಲ್ಲ, ಕೊಡೆಯನ್ನೂ ಬಿಡದೆ, ಇಳಿಸಿದೆ. "ನಾನೂ ಇಳ್ಕಂಬುಡ್ಲಾ? ಇನ್ನೂ ಹಗುರಾಯ್ತದೆ" ಎಂದು ಹೆಂಡತಿ ಕಿಚಾಯಿಸಿದಳು.

ಹಾಲ್ಕುರಿಕೆಯ ಹತ್ತಿರ ದಾರಿಯಲ್ಲೊಂದು ದಿಣ್ಣೆ. ಸಂಜೆ ಮನೆಗೆ ಬರುವಾಗ ಅದರ ನೆತ್ತಿಯಲ್ಲಿ ನ್ಯೂಟ್ರಲ್ ಮಾಡಿದರೆ ಕಾರು ತಾನಾಗಿಯೇ ಇಳಿದು, ಅದೇ ಓಟದಲ್ಲಿ ಎದುರಿನ ಏರನ್ನೂ ಅರ್ಧ ಹತ್ತುತ್ತಿತ್ತು. ಸರಿಯಾಗಿ ತಗ್ಗಿನಲ್ಲಿ ನನ್ನ ಸೋದರತ್ತೆಯ ಮನೆ. ನಾನು ಬರುವ ಹೊತ್ತಿಗೆ ಅವಳು ತೆಂಗಿನಕಾಯಿ ತುಂಬಿದ ಚೀಲ ಹಿಡಿದು ಗೇಟಿನ ಬಳಿ ನಿಂತಿರುತ್ತಿದ್ದಳು. ಮನೆಮುಂದೆ ಹಾದುಹೋಗುವ ನೆಂಟರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ನಮ್ಮ ಮನೆಯಲ್ಲೇನೂ ಕಾಯಿಗೆ ಬರವಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಚೀಲ ಕೊಡುವ ನೆಪದಲ್ಲಿ ತನ್ನ ಮಂಡಿನೋವು ಹೇಳಿಕೊಂಡು, ತನ್ನ ಅಣ್ಣನ, ಅಂದರೆ ನಮ್ಮಪ್ಪನ, ಆರೋಗ್ಯ ವಿಚಾರಿಸುತ್ತಿದ್ದಳು.

ನನಗೋ ಕಿರಿಕಿರಿ. ಚಂದವಾಗಿ ಓಡುತ್ತಿದ್ದ ಕಾರಿಗೆ ಬ್ರೇಕು ಹಾಕಬೇಕು, ಭಾರ ಹೇರಿಕೊಳ್ಳಬೇಕು, ಮತ್ತೆ ಫಸ್ಟ್ ಗೇರಿನಲ್ಲಿ ಏರು ಹತ್ತಬೇಕು. ಒಂದು ದಿನ ಹೇಳಿಯೇಬಿಟ್ಟೆ.

"ಇಲ್ಲಿ ನಿಲ್ಲಿಸಿದ್ರೆ ಪೆಟ್ರೋಲ್ ದಂಡ ಅತ್ತೆ. ದಿಣ್ಣೆ ಮ್ಯಾಲಿಂದ ಹಂಗೇ ಇಳ್ಕಂಡೋದ್ರೆ ಉಳೀತದೆ."

"ಅಯ್ಯೋ, ಹಂಗಾದ್ರೆ ನಿಲ್ಲಿಸ್ಬ್ಯಾಡ ಬುಡಪ್ಪ" ಎಂದು ನಕ್ಕಳು.

ಆಮೇಲೆ ಹಾರನ್ ಹೊಡೆದು ಹೋಗುತ್ತಿದ್ದೆ, ಅವಳು ಕೈ ಎತ್ತುತ್ತಿದ್ದಳು. ಕೆಲವು ದಿನ ಗೇಟಿನಲ್ಲಿ ಅವಳು ಕಾಣಲಿಲ್ಲ. ಸದ್ಯ, ಹಾರನ್ ಹೊಡೆಯುವುದೂ ತಪ್ಪಿತು ಅಂದುಕೊಂಡೆ. ಹಾಗೆ ಅಂದುಕೊಂಡದ್ದು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಒಂದು ಸಂಜೆ ನೋಡಿದರೆ ದಿಣ್ಣೆಯ ನೆತ್ತಿಯಲ್ಲಿ, ಹುಣಸೆಮರದ ಬುಡದಲ್ಲಿ, ಅತ್ತೆ ಕೂತಿದ್ದಾಳೆ. ಪಕ್ಕದಲ್ಲಿ ಚೀಲ. ಗಾಬರಿಯಿಂದ ಇಳಿದು ಓಡಿದೆ.

"ನಿನ್ನೆ, ಮೊನ್ನೆನೂ ಬಂದಿದ್ದೆ ಕಣ್ಲಾ. ತೋಟದ ಕಾಲ್ದಾರೀಲಿ ನಾನ್ ಹತ್ತೋ ಹೊತ್ಗೆ ನೀನು ಹೊಂಟೋಗಿದ್ದೆ" ಎಂದಳು. "ಇಲ್ಲಿ ನಿಂತ್ರೆ ನಿಂಗೇನೂ ಲುಕ್ಸಾನಿಲ್ವಲ್ಲ? ಇಲ್ಲಿಂದ ಕಾರು ತಾನೇ ಇಳ್ಕಂಡೋಯ್ತದೆ ಅಂತ ನೀನೇ ಅಂದಿದ್ದೆ."

ಚೀಲವನ್ನು ಡಿಕ್ಕಿಯಲ್ಲಿಟ್ಟು ಮುಂದಿನ ಬಾಗಿಲು ತೆಗೆದೆ. "ಹತ್ತು ಅತ್ತೆ, ಮನೆ ತಾವ ಬಿಡ್ತೀನಿ."

"ಬ್ಯಾಡ ಬುಡು ಮಗ. ನಾನ್ ಕುಂತ್ರೆ ಮತ್ತೆ ಅಲ್ಲಿ ನಿಲ್ಲಿಸ್ಬೇಕಲ್ಲ."

ಕುಹಕವಿಲ್ಲ, ಮುನಿಸಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಂಡಿ ಹಿಡಿದುಕೊಂಡು ಅವಳಾಗಲೇ ಇಳಿಯತೊಡಗಿದ್ದಳು. ಎಷ್ಟು ಬೇಡಿಕೊಂಡರೂ ಕಾರು ಹತ್ತಲಿಲ್ಲ. ಕೊನೆಗೆ ಕಾರನ್ನು ಅಲ್ಲೇ ಬಿಟ್ಟು, ಅವಳ ರಟ್ಟೆ ಹಿಡಿದು ಗೇಟಿನವರೆಗೆ ನಡೆಸಿಕೊಂಡು ಹೋದೆ.

ಒಬ್ಬನೇ ವಾಪಸ್ ದಿಣ್ಣೆ ಹತ್ತಿದೆ. ಕೈಯಲ್ಲಿ ಚೀಲವಿರಲಿಲ್ಲ, ಮಂಡಿಯಲ್ಲಿ ನೋವಿರಲಿಲ್ಲ. ಆದರೂ ಅರ್ಧಕ್ಕೇ ಏದುಸಿರು ಬಂದು ನಿಂತುಬಿಟ್ಟೆ.