ನಾನು ಅಳೆಯದ ಬಾವಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವನು ನಾನು. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ. ನೆನಪು ಎಲ್ಲವನ್ನೂ ತೊಳೆದು ಒರೆಸಿ ಕೊಡುತ್ತದೆ. ಇದನ್ನು ಕೊಳಕಾಗಿದ್ದಂತೆಯೇ ಹೇಳಲು ನೋಡುತ್ತೇನೆ.

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಬಾವಿಗಳ ನೀರಿನ ಮಟ್ಟ ಅಳೆಯುವುದು ಆಗ ನನ್ನ ಕೆಲಸ. ಎಲ್ಲ ಬಾವಿಗಳನ್ನೂ ಅಳೆಯಲಾಗದು. ಚೀಟಿ ಎತ್ತಿದಂತೆ ಕೆಲವನ್ನು ಆರಿಸಿ, ವರ್ಷಕ್ಕೆ ನಾಲ್ಕು ಸಲ ಅವನ್ನೇ ಅಳೆಯಬೇಕು. ಒಂದು ಬಾವಿ ಸುತ್ತಲಿನ ಬಾವಿಗಳೆಲ್ಲದರ ಪರವಾಗಿ ಮಾತಾಡುತ್ತದೆ ಎಂಬ ನಂಬಿಕೆ. ಆರಿಸಿದ್ದನ್ನು ನಡುವೆ ಬದಲಿಸುವಂತಿಲ್ಲ. ಬದಲಿಸಿದರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಕೆ ಕೆಡುತ್ತದೆ.

ಚಿಕ್ಕೇರೂರಿನ ಹತ್ತಿರ ನನ್ನ ಪಾಲಿಗೆ ಬಂದ ಬಾವಿಯೊಂದಕ್ಕೆ ಕೋಳಿಯ ಕರುಳು, ಪುಕ್ಕ, ಸತ್ತ ನಾಯಿ ಎಲ್ಲ ತಂದು ಸುರಿಯುತ್ತಿದ್ದರು. ಮೊದಲ ಸಲ ಬಗ್ಗಿದವನು ಅಲ್ಲೇ ವಾಂತಿ ಮಾಡಿಕೊಂಡೆ. ಆಮೇಲೆ ಬಗ್ಗಲಿಲ್ಲ. ದೂರದ ಬೇವಿನ ಕೆಳಗೆ ಕುಳಿತು, ಹಿಂದಿನ ಅಂಕಿಗೆ ಚೂರು ಸೇರಿಸಿ ಬರೆದುಬಿಡುತ್ತಿದ್ದೆ. ಎಷ್ಟು ಸಲ? ಮೂರು ಅನ್ನುತ್ತೇನೆ. ಐದಿರಬಹುದು.

ಪಕ್ಕದ ಮನೆಯ ಗಂಗವ್ವ ಪ್ರತಿ ಸಲವೂ, ಬಾವಿ ಬತ್ತಿದೆಯೆಂದು ಬರೆದಿರಾ ಎಂದು ಕೇಳುತ್ತಿದ್ದಳು. ಹಾಗೆ ಬರೆದರೆ ಮಾತ್ರ ಅವರ ಓಣಿಗೆ ಟ್ಯಾಂಕರ್ ನೀರು. ಅಲ್ಲಿಯವರೆಗೆ ಅವಳೂ ಅವಳ ಬಸುರಿ ಸೊಸೆಯೂ ಅರ್ಧ ಹರದಾರಿಯಿಂದ ಕೊಡ ಹೊರಬೇಕು. ನಾನು ಹೂಂ ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಮೇಲಧಿಕಾರಿ ತಪಾಸಣೆಗೆಂದು ಜೊತೆಗೆ ಬಂದರು. ಹಿಂದಿನ ವಾರ ಬೇವಿನ ಕೆಳಗೆ ನಾನು ಹುಟ್ಟಿಸಿದ ಅಂಕಿ ಅವರ ಕೈಯಲ್ಲಿತ್ತು: ಕಟ್ಟೆಯಿಂದ ನೀರಿನವರೆಗೆ ಹನ್ನೊಂದು ಮೀಟರ್ ಅರವತ್ತೆರಡು. ಇವತ್ತಿಗೆ ಕೆಲಸ ಹೋಯಿತು ಅಂದುಕೊಂಡೆ. ಮೂಗಿಗೆ ಟವೆಲ್ ಕಟ್ಟಿ, ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟೆ. ಸುಣ್ಣ ಎಲ್ಲಿಯವರೆಗೆ ನೆನೆದಿದೆಯೋ ಅಲ್ಲಿಗೆ ನೀರು ಎಂದು ಲೆಕ್ಕ. ಮೇಲೆಳೆದಾಗ ಅಧಿಕಾರಿಯೇ ಓದಿದರು. ಹನ್ನೊಂದು ಅರವತ್ತೆರಡು. ನನ್ನ ಬೆನ್ನು ತಟ್ಟಿದರು.

ಗಂಗವ್ವ ಅಷ್ಟರಲ್ಲಿ ಕಟ್ಟೆಯ ಹತ್ತಿರ ಬಂದಿದ್ದಳು.

"ಸಾಹೇಬ್ರ, ಇವ್ರು ಬೇವಿನ ಗಿಡದ ಕೆಳಗ ಕುಂತು ಬಾವಿ ಅಳೀತಾರ್ರಿ. ಭಾಳ ಉದ್ದ ಟೇಪು. ಹ್ವಾದ ಬ್ಯಾಸಿಗ್ಯಾಗ ಬತ್ತಿದ ಬಾವಿ ಇದು."

ಅವಳು ಹಿಡಿಗಾತ್ರದ ಕಲ್ಲೊಂದನ್ನು ಎಸೆದಳು. ಒಣ ನೆಲಕ್ಕೆ ಕಲ್ಲು ಬಡಿದ ಸದ್ದು. ಇನ್ನೊಂದು ಎಸೆದಳು. ಅದೇ ಸದ್ದು. ಅಧಿಕಾರಿ ಟೇಪಿನ ಕಡೆ ನೋಡಿದರು, ಅದು ಹನಿಯುತ್ತಿತ್ತು.

"ಟೇಪ್ ಸುಳ್ಳ ಹೇಳ್ತದೇನವ್ವಾ?" ಎಂದು ಸಹಿ ಹಾಕಿದರು.

ಗಂಗವ್ವ ನನ್ನತ್ತ ತಿರುಗಿದಳು. "ನೀವರ ಹೇಳ್ರಿ."

ನಾನು ಟೇಪು ಸುತ್ತಿದೆ.

ಆ ಬೇಸಿಗೆ ಟ್ಯಾಂಕರ್ ಬರಲಿಲ್ಲ. ಆ ಬಸುರಿ ಸೊಸೆ ಏನಾದಳೋ, ಗೊತ್ತಿಲ್ಲ. ನಾನು ಆ ಓಣಿಗೆ ಮತ್ತೆ ಹೋಗಲಿಲ್ಲ. ಕೊಳೆತದ್ದರ ಲೋಳೆ ಟೇಪಿಗೆ ತಾಗಿರಬೇಕು ಎನ್ನುತ್ತೀರಿ. ನಾನೂ ಹಾಗೇ ಹೇಳಿಕೊಂಡು ನೋಡಿದ್ದೇನೆ. ಆದರೆ ಲೋಳೆಗೆ ನನ್ನ ಅಂಕಿ ಗೊತ್ತಾದದ್ದು ಹೇಗೆ? ಅಲ್ಲದೆ, ಹಿಂತಿರುಗುವಾಗ ಬಸ್ಸಿನಲ್ಲಿ ಟವೆಲ್ ಬಿಚ್ಚಿ, ಟೇಪಿನ ನೀರು ಹರಿದಿದ್ದ ಬೆರಳುಗಳನ್ನು ಮೂಸಿದೆ. ಒಂದಿಷ್ಟೂ ನಾತವಿರಲಿಲ್ಲ. ಹೊಸ ಕೊಡದಲ್ಲಿ ತುಂಬಿಟ್ಟ ಕುಡಿಯುವ ನೀರಿನ ವಾಸನೆ. ಕೋಳಿಯ ಕರುಳು ಕಂಡಾಗಲೂ ಬಂದಿರದಷ್ಟು ಹೇಸಿಗೆ ನನಗೆ ಆ ವಾಸನೆಯಿಂದ ಬಂತು.