ಎರಡು ಎಡತೋಳು

ಆ ಬೀದಿಯಲ್ಲಿ ಕಟಿಂಗ್ ಮಾಸ್ಟರ್ ಎಂದರೆ ಅವರೊಬ್ಬರೇ. ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ. ಅದನ್ನು ಬೇರೆಯವರು ಹೇಳುವ ಮೊದಲೇ ತಾವೇ ಹೇಳಿಕೊಳ್ಳುವುದರಲ್ಲಿ ಇನ್ನೂ ಎತ್ತಿದ ಕೈ. ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಎಲ್ಲರೂ ಹೊಲಿಗೆಯಕ್ಕ ಎಂದೇ ಕರೆಯುವ ಹೆಂಗಸು ಮೆಷಿನ್ ತುಳಿಯುತ್ತಿದ್ದಳು. ಮಾಸ್ಟರು ಕತ್ತರಿಸುವುದು, ಅಕ್ಕ ಹೊಲಿಯುವುದು. ಬೆಳಿಗ್ಗೆ ಬಾಗಿಲು ತೆಗೆದೊಡನೆ ಮಾಸ್ಟರು ದೇವರಿಗೊಂದು ಕೈಮುಗಿಯುತ್ತಿದ್ದರು, ಅವನೂ ತಮ್ಮ ಹಳೇ ಗಿರಾಕಿ ಎಂಬಂತೆ.

ಒಂದು ದಿನ ಟೀಚರಮ್ಮ ಕೋಟಿನ ಬಟ್ಟೆ ತಂದರು. ತೀರಿಹೋದ ಗಂಡ ಮಗಳಿಗೆಂದು ಕೊಂಡಿಟ್ಟಿದ್ದ ಉಣ್ಣೆ ಬಟ್ಟೆ.

"ಇಷ್ಟೇ ಇರೋದು ಮಾಸ್ಟ್ರೇ. ಇಂಥದ್ದು ಮತ್ತೆ ಸಿಗಲ್ಲ."

"ನನ್ನ ಕೈಗೆ ಕೊಟ್ಟಾಯ್ತಲ್ಲ, ಮರೆತುಬಿಡಿ," ಎಂದರು ಮಾಸ್ಟರು.

ಮಡಚಿ ಎರಡು ತೋಳನ್ನೂ ಒಟ್ಟಿಗೆ ಕತ್ತರಿಸಲು ಬಟ್ಟೆಯ ಅಗಲ ಸಾಲದು. ಒಂದೊಂದಾಗಿ ಕತ್ತರಿಸಬೇಕು, ಎರಡನೆಯದಕ್ಕೆ ತೋಳಿನ ಅಳತೆಯ ಕಾಗದವನ್ನು ಮಗುಚಿ ಇಡಬೇಕು. ನಿನ್ನೆ ಮೊನ್ನೆ ಕೆಲಸ ಕಲಿತವರಿಗೂ ಇದು ಗೊತ್ತು. ಮಾಸ್ಟರು ಯಾರ ಹತ್ತಿರವೋ ತಮ್ಮ ಪ್ರತಾಪ ಕೊಚ್ಚಿಕೊಳ್ಳುತ್ತಾ, ಕಾಗದ ಮಗುಚದೆ ಕತ್ತರಿ ಆಡಿಸಿಬಿಟ್ಟರು. ಎರಡೂ ಎಡತೋಳು. ಒಳಮೈ ಒರಟಾದ್ದರಿಂದ ತಿರುಗಿಸಿ ಹೊಲಿಯುವಂತೆಯೂ ಇಲ್ಲ, ಬಲತೋಳಿಗೆ ಅಂಗೈಯಗಲ ಬಟ್ಟೆಯೂ ಉಳಿದಿರಲಿಲ್ಲ.

ಟೀಚರಮ್ಮ ಬಂದಾಗ, ಹೊಲಿಗೆಯಕ್ಕನತ್ತ ಬೆರಳು ಮಾಡಿದ ಮಾಸ್ಟರ ಬಾಯಿಂದ ಬಂದದ್ದು ಹೀಗೆ: "ಇವಳ ಕೈಗೆ ಕತ್ತರಿ ಕೊಟ್ಟಿದ್ದೇ ನನ್ನ ತಪ್ಪು ನೋಡಿ."

ಎಂಥ ಜಾಣತನ! ಸುಳ್ಳೂ ಆಯಿತು, ದೊಡ್ಡ ಮನುಷ್ಯರೂ ಆದರು. ಹೊಲಿಗೆಯಕ್ಕ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಮೆಷಿನ್ ತುಳಿದಳು. ಆ ವಾರ ಮುಗಿದ ಮೇಲೆ ಅವಳು ಬರಲಿಲ್ಲ.

ಅಂದಿನಿಂದ ದೇವರಿಗೆ ಕೈಮುಗಿಯಲು ಮಾಸ್ಟರಿಂದ ಆಗಲಿಲ್ಲ. ಖಾಲಿ ಮೆಷಿನ್ ಕಡೆ ಬೆನ್ನು ಹಾಕಿ ಕೂರುವರು. ಮನೆಯಲ್ಲೂ ದೇವರ ಹೆಸರೆತ್ತರು. ಮುದಿತಾಯಿ ಇದನ್ನು ಗಮನಿಸಿಯೇ ಇದ್ದಳು.

"ಪ್ರಾರ್ಥನೆ ಬಿಟ್ಟು ಎಷ್ಟು ದಿನ ಆಯ್ತೋ?"

"ಯಾವ ಮುಖ ಇಟ್ಕೊಂಡು ಅವನ ಮುಂದೆ ನಿಲ್ಲಲಮ್ಮ?" ಎಂದು ಮಾಸ್ಟರು ನಡೆದದ್ದನ್ನು ಒಂದೂ ಬಿಡದೆ ಹೇಳಿದರು.

ತಾಯಿ ಬೈಯಲಿಲ್ಲ. "ಚಿಕ್ಕವನಿದ್ದಾಗ ಮೈಯೆಲ್ಲಾ ಕೆಸರು ಮಾಡ್ಕೊಂಡು ಬರ್ತಿದ್ದೆ. ತೊಳ್ಕೊಂಡು ಬಾ, ಆಮೇಲೆ ಎತ್ಕೋತೀನಿ ಅಂತ ನಾನಂದಿದ್ನೇನೋ? ಎತ್ಕೊಂಡ ಮೇಲೇ ತೊಳೀತಿದ್ದೆ. ದೇವರಿಗೆ ನನ್ನಷ್ಟೂ ಕರುಳಿಲ್ಲ ಅಂದ್ಕೊಂಡ್ಯಾ? ಈಗ ಎದ್ದು ಹೋಗಿ ನಿಜ ಹೇಳು."

ಮಾಸ್ಟರು ಟೀಚರಮ್ಮನ ಮನೆಗೆ ಹೋದರು. ಬಾಗಿಲಲ್ಲೇ ನಿಂತು, "ಕತ್ತರಿಸಿದ್ದು ನಾನು," ಎಂದರು.

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡರು. "ಹೊಲಿಗೆಯಕ್ಕ ದಾರೀಲಿ ಸಿಕ್ಕಾಗ ಕೇಳ್ದೆ. ಹೌದು, ನಾನೇ ಕತ್ತರಿಸಿದ್ದು ಅಂದ್ಳಲ್ಲ?"

ಮಾಸ್ಟರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಿಂದ ನೇರ ಹೊಲಿಗೆಯಕ್ಕನ ಮನೆ. ಅವಳು ಕಿಟಕಿಯ ಬಳಿ ಕೂತು ಗುಂಡಿ ಹಾಕುತ್ತಿದ್ದಳು.

"ಯಾಕಮ್ಮಾ ಹಾಗೆ ಹೇಳ್ದೆ?"

"ನಿಮ್ಮ ಹೆಸರು ಹೋದ್ರೆ ಅಂಗಡಿನೇ ಹೋಗುತ್ತೆ ಮಾಸ್ಟ್ರೇ. ನನ್ನ ಹೆಸರು ಯಾರಿಗೆ ಗೊತ್ತು?"

ಹನ್ನೆರಡು ವರ್ಷದಲ್ಲಿ ಮಾಸ್ಟರೂ ಅವಳ ಹೆಸರು ಕೇಳಿರಲಿಲ್ಲ. ಆ ನಾಚಿಕೆ ಮೊದಲಿನದಕ್ಕಿಂತ ದೊಡ್ಡದಾಗಿತ್ತು. "ತಪ್ಪಾಯ್ತು," ಎಂದರು. "ವಾಪಸ್ ಬರ್ತೀಯಾ?"

"ಅವತ್ತೇ ಕ್ಷಮಿಸಿಬಿಟ್ಟೆ. ಆದ್ರೆ ಬರಲ್ಲ."

ಅಷ್ಟು ಹೇಳಿ ಅವಳು ನೀರು ತಂದುಕೊಟ್ಟಳು. ಮಾಸ್ಟರು ನಿಂತೇ ಕುಡಿದು ಬೀದಿಗಿಳಿದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕಣ್ಣು ತುಂಬಿ ದಾರಿ ಕಾಣದಾಯಿತು. ಜನ ನೋಡುತ್ತಿದ್ದರೂ ಅಲ್ಲೇ ನಿಂತರು.

"ದೇವರೇ, ನಾನು ಇಂಥವನು," ಎಂದರು ಮೆಲ್ಲಗೆ. "ನೀನು ನನ್ನ ಕೈ ಬಿಡಲ್ಲ ಅಂತ ಗೊತ್ತು. ಅದಕ್ಕೇ ಇಷ್ಟು ನಾಚಿಕೆ ಆಗ್ತಿದೆ."