ಮೆಮೊರಿ ಕಾರ್ಡಿಗೆ ತುಂಬಿಸಿದ ಹಾಡುಗಳು

ಬಾಳ್ಳುಪೇಟೆಯ ಹೆದ್ದಾರಿ ಪಕ್ಕ ನನ್ನದೊಂದು ಮೊಬೈಲ್ ಅಂಗಡಿ. ಬೋರ್ಡಿನ ಮೇಲೆ ರಿಪೇರಿ, ಕರೆನ್ಸಿ ಅಂತ ಬರೆಸಿದ್ದೆನಾದರೂ ಆಗ ಅಂಗಡಿ ನಡೆಯುತ್ತಿದ್ದದ್ದು ಹಾಡು ತುಂಬಿಸುವ ಕೆಲಸದಿಂದ. ಲಾರಿಯವರು ಮೆಮೊರಿ ಕಾರ್ಡ್ ಕೊಟ್ಟು ಟೀ ಕುಡಿಯಲು ಹೋಗುತ್ತಿದ್ದರು. ಬರುವಷ್ಟರಲ್ಲಿ ಕಾರ್ಡ್ ಭರ್ತಿ. ಹಾಡಿದವರು ಯಾರು, ಬರೆದವರು ಯಾರು ಎಂದು ನಾನು ಒಂದು ದಿನವೂ ಯೋಚಿಸಿದವನಲ್ಲ.

ಹಾಗೆ ಬರುತ್ತಿದ್ದವರಲ್ಲಿ ಸಕಲೇಶಪುರದ ಒಬ್ಬ ಸಾಹೇಬರಿದ್ದರು. ಕಾಫಿ ಲಾರಿ ಓಡಿಸುತ್ತಿದ್ದರು, ಸ್ಟೇರಿಂಗ್ ಹಿಡಿದುಕೊಂಡೇ ಹಾಡು ಕಟ್ಟುತ್ತಿದ್ದರು. ಹಾಸನದ ಒಂದು ಸಣ್ಣ ಸ್ಟುಡಿಯೋದವರು ಅವರಿಂದ ಹತ್ತು ಹಾಡು ಹಾಡಿಸಿ ಸೀಡಿ ಮಾಡಿದರು. ಇದು ಖರ್ಚಾದರೆ ಇನ್ನೊಂದು ಮಾಡೋಣ ಎಂದಿದ್ದರಂತೆ. ಒಂದು ಬೆಳಿಗ್ಗೆ ಸಾಹೇಬರು ಇಪ್ಪತ್ತು ಸೀಡಿಗಳನ್ನು ಪೇಪರಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು.

"ಮಾರ್ಕೊಡು. ಮೊದ್ಲು ನೀನು ಕೇಳ್ಬುಟ್ಟು ಹೇಳು ಮಾರಾಯ, ಸುಳ್ಳು ಹೇಳ್ಬೇಡ."

ಕೇಳಿದೆ. ಕಾಫಿ ಕೊಯ್ಯುವ ಹೆಂಗಸೊಬ್ಬಳು ಗಿಡದ ಬುಡದಲ್ಲಿ ಮಗುವನ್ನು ಮಲಗಿಸಿ, ಸಾಲು ದಾಟಿದಾಗಲೆಲ್ಲ ಅದಕ್ಕೆ ಕೂಗು ಕೊಡುವ ಹಾಡೊಂದಿತ್ತು. ಅದನ್ನು ಮೂರು ಸಲ ಹಾಕಿದೆ. ಅವತ್ತೇ ಪೂರ್ತಿ ಸೀಡಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಚೆನ್ನಾಗಿದೆಯಲ್ಲ, ನಾಲ್ಕು ಜನ ಕೇಳಲಿ ಅಂತ ಬಂದವರ ಕಾರ್ಡಿಗೆಲ್ಲ ಸೇರಿಸಿದೆ.

ಮಳೆಗಾಲ ಮುಗಿದ ಮೇಲೆ ಸಾಹೇಬರು ನಗುತ್ತ ಬಂದರು. "ವನಗೂರು ಕಡೆ ಜೀಪಲ್ಲೆಲ್ಲ ನನ್ ಹಾಡೇ ಕಣೋ! ತೋಟದ ಲೈನ್‌ಮನೆ ಹೆಣ್ಮಕ್ಳಿಗೂ ಬಾಯಿಪಾಠ ಆಗೈತೆ. ಸೀಡಿ ಎಷ್ಟು ಹೋದ್ವು?"

"ಎರಡು," ಎಂದೆ.

ತಮಾಷೆ ಅಂದುಕೊಂಡರು. ಆಮೇಲೆ ಶೆಲ್ಫ್ ನೋಡಿದರು. ಅದೇ ಹೊತ್ತಿಗೆ ಕಂಪ್ಯೂಟರಿನಲ್ಲಿ ಯಾವುದೋ ಪಿಕಪ್ಪಿನವನ ಕಾರ್ಡ್ ತುಂಬುತ್ತಿತ್ತು, ಪರದೆಯ ಮೇಲೆ ಅವರ ಹಾಡುಗಳ ಹೆಸರು ಒಂದೊಂದಾಗಿ ಹೋಗುತ್ತಿದ್ದವು. ಪರದೆ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ.

"ನೀನೇನಾ?"

"ಎಲ್ಲಾರೂ ಮಾಡ್ತಾರೆ ಸಾಹೇಬ್ರೇ. ನಾನೊಬ್ಬ ಬಿಟ್ರೆ ನಿಂತೋಗುತ್ತಾ?"

ಅವರು ಬೈಯಲಿಲ್ಲ. "ಒಂದ್ಮಾತು ಕೇಳ್ಬೇಕಿತ್ತು ನನ್ನ. ಕೇಳಿದ್ರೆ ನಾನೇ ಕೊಟ್ಬುಡ್ತಿದ್ನೇನೋ," ಎಂದು ಹೇಳಿ ಉಳಿದ ಸೀಡಿಗಳನ್ನು ಎತ್ತಿಕೊಂಡು ಹೋದರು.

ಸ್ಟುಡಿಯೋದವರು ಎರಡನೇ ಸೀಡಿ ಮಾಡಲಿಲ್ಲ. ಕೆಲವು ವರ್ಷ ಮದುವೆ ವಿಡಿಯೋ ತೆಗೆದು, ಕೊನೆಗೆ ಬಾಗಿಲು ಹಾಕಿದರು. ಅಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಗೊಬ್ಬರದಂಗಡಿ ಸೇರಿದರು. ಅಷ್ಟರಲ್ಲಿ ಎಲ್ಲರ ಫೋನಿಗೂ ಇಂಟರ್‌ನೆಟ್ ಬಂತು, ಕಾರ್ಡ್ ತರುವವರೂ ನಿಂತರು. ಈಗ ನಾನು ಫೋನಿನ ಕವರ್, ಚಾರ್ಜರ್ ಮಾರುತ್ತೇನೆ.

ಹೋದ ವರ್ಷ ದೋಣಿಗಲ್ಲಿನ ಟೀ ಅಂಗಡಿಯಲ್ಲಿ ಸಾಹೇಬರು ಸಿಕ್ಕರು. ಇನ್ನೂ ಲಾರಿ ಓಡಿಸುವುದು ಬಿಟ್ಟಿಲ್ಲ. ಹಾಡು ಬರೀತಿದ್ದೀರಾ ಎಂದು ಕೇಳಿದೆ.

"ಇಲ್ಲಪ್ಪ. ಬರೋದು ನಿಂತೋಗ್‌ಬುಟ್ಟೈತೆ," ಎಂದರು, ಹಲ್ಲುನೋವು ವಾಸಿಯಾಯಿತು ಅನ್ನುವ ಹಾಗೆ.

ಕ್ಷಮೆ ಕೇಳಬೇಕು ಅಂದುಕೊಂಡೆ. ಮಾತು ಬಾಯಿಯಲ್ಲಿ ಸಿದ್ಧವಾಗಿಯೇ ಇತ್ತು, ಆದರೆ ಒಳಗೆ ಏನೂ ಅಲುಗಾಡಲಿಲ್ಲ. ದುಃಖವೂ ಇಲ್ಲ, ನಾಚಿಕೆಯೂ ಇಲ್ಲ. ಸುಮ್ಮನೆ ಹೇಳುವುದು ಸರಿಯಲ್ಲ ಅನ್ನಿಸಿ ಟೀ ಕುಡಿದೆ. ಘಾಟಿಯಲ್ಲಿ ಟ್ಯಾಂಕರ್ ಮಗುಚಿ ದಾರಿ ಕಟ್ಟಿದೆ ಎಂದು ಯಾರೋ ಹೇಳಿದರು. ಸಾಹೇಬರು ಲೋಟ ಇಟ್ಟು, ಎಷ್ಟು ಹೊತ್ತಾಗುತ್ತದೋ ವಿಚಾರಿಸಲು ರಸ್ತೆಗೆ ನಡೆದರು.